'ಎರಡೇ ನಿಮಿಷದ ಕೆಲಸ' ಅಂದಾಗಲೇ ಹುಷಾರು: ಕಾರ್ಖಾನೆಯಲ್ಲಿ ಗಾಯ ಆಗದಂತೆ ನೋಡಿಕೊಳ್ಳುವುದು ಹೇಗೆ

ಮೆಷಿನ್ ಸರಿಯಾಗಿ ಓಡುತ್ತಿರುವಾಗ ಗಾಯ ಆಗುವುದು ಕಡಿಮೆ. ಮಧ್ಯೆ ಏನಾದರೂ ಸಿಕ್ಕಿಕೊಂಡು ನಿಂತಾಗ, ಶಿಫ್ಟ್ ಮುಗಿಯುವ ಹೊತ್ತಿಗೆ ಒರೆಸುವಾಗ, ಟೂಲ್ ಬದಲಿಸುವಾಗ, ಗ್ರೀಸ್ ಹಾಕುವಾಗ ಆಗುವುದೇ ಜಾಸ್ತಿ. ನಾನು ಮೇಂಟೆನೆನ್ಸ್ ಫಿಟ್ಟರ್. ಹೊಸದಾಗಿ ಸೇರುವವರಿಗೆ ಕೆಲಸ ಕಲಿಸುವುದೂ ಈಗ ನನ್ನ ಪಾಲಿಗೆ ಬಂದಿದೆ. ಪೆಟ್ಟಾದವರ ಪಕ್ಕ ಕೂತು 'ಏನಾಯ್ತು' ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಎರಡೇ ನಿಮಿಷದ ಕೆಲಸ ಇತ್ತು ಸರ್.' ಹಾಗಾಗಿ ಇಲ್ಲಿ ಆ ಎರಡು ನಿಮಿಷದ ಕೆಲಸಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹೆಲ್ಮೆಟ್, ಶೂ ವಿಷಯ ನಿಮಗೆ ಗೊತ್ತೇ ಇದೆ. ಅವು ಬೇಕೇ ಬೇಕು. ಆದರೆ ಉಳಿದ ಎಲ್ಲ ತಡೆಗಳೂ ಕೈಕೊಟ್ಟ ಮೇಲೆ ಉಳಿಯುವ ಕೊನೆಯ ತಡೆ ಅವು. ಅದಕ್ಕೆ ಮುಂಚೆ ಮಾಡಬೇಕಾದದ್ದು ತುಂಬಾ ಇದೆ.

ನಿಲ್ಲಿಸಿದರೆ ಸಾಲದು, ಬೀಗ ಹಾಕಿ

ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ಮೆಷಿನ್ ನಿಲ್ಲುತ್ತದೆ. ಅಷ್ಟಕ್ಕೇ ಅದು ಸುರಕ್ಷಿತ ಅಂದುಕೊಳ್ಳಬೇಡಿ. ಪ್ಯಾನೆಲ್‌ನಲ್ಲಿ ಕರೆಂಟ್ ಹಾಗೇ ಇರುತ್ತದೆ. ಸಿಲಿಂಡರ್ ಒಳಗೆ ಗಾಳಿ ಹಾಗೇ ಇರುತ್ತದೆ. ಆ ಕಡೆ ನಿಂತವರಿಗೆ ನೀವು ಕಾಣಿಸದಿದ್ದರೆ ಬಟನ್ ಬಿಡಿಸಿ ಸ್ಟಾರ್ಟ್ ಒತ್ತಿಬಿಡುತ್ತಾರೆ. ಅವರದ್ದೂ ತಪ್ಪು ಅನ್ನುವ ಹಾಗಿಲ್ಲ, ಮೆಷಿನ್ ಸುಮ್ನೆ ನಿಂತಿದೆ ಅಂದುಕೊಂಡಿರುತ್ತಾರೆ.

ಒಂದು ಬೆಲ್ಟ್ ಕನ್ವೇಯರ್ ತೆಗೆದುಕೊಳ್ಳೋಣ. ರೋಲರ್ ಹತ್ತಿರ ಮುರಿದ ಪ್ಯಾಲೆಟ್ಟಿನ ಮರದ ತುಂಡು ಸಿಕ್ಕಿಕೊಂಡಿದೆ. ಕೈ ಹಾಕಿ ಎಳೆದರೆ ಬರುತ್ತದೆ ಅನಿಸುತ್ತದೆ. ಎಳೆಯಬೇಡಿ. ಮೊದಲು ಲೈನ್‌ನಲ್ಲಿ ಇರುವವರಿಗೆಲ್ಲ ಹೇಳಿ. ಎಂದಿನ ಸ್ಟಾಪ್ ಬಟನ್ನಿಂದ ಮೆಷಿನ್ ನಿಲ್ಲಿಸಿ. ಆಮೇಲೆ ಮೇನ್ ಐಸೋಲೇಟರ್ (ಮೆಷಿನ್ನಿಗೆ ಬರುವ ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್) ಆಫ್ ಮಾಡಿ, ಅದರ ಹ್ಯಾಂಡಲ್‌ಗೆ ನಿಮ್ಮ ಬೀಗ ಹಾಕಿ, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬೀಗದ ಜೊತೆ ಹೆಸರು, ಏನು ಕೆಲಸ ಅನ್ನುವ ಟ್ಯಾಗ್ ಇರಲಿ. ಗಾಳಿಯ ಲೈನ್ ಇದ್ದರೆ ವಾಲ್ವ್ ಮುಚ್ಚಿ, ಒಳಗೆ ಉಳಿದ ಗಾಳಿ ಹೊರಗೆ ಬಿಡಿ, ಗೇಜ್ ಸೊನ್ನೆಗೆ ಬಂತಾ ಅಂತ ಕಣ್ಣಾರೆ ನೋಡಿ. ಮೇಲಕ್ಕೆ ಎತ್ತಿ ನಿಂತ ಭಾಗ ಏನಾದರೂ ಇದ್ದರೆ ಅದಕ್ಕೆ ಗಟ್ಟಿಯಾದ ಆಸರೆ ಕೊಡಿ. ಈಗ ವಾಪಸ್ ಬಂದು ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ. ಮೆಷಿನ್ ಅಲ್ಲಾಡಬಾರದು. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಪಕ್ಕದ ಮೆಷಿನ್ನಿನ ಐಸೋಲೇಟರ್‌ಗೆ ಬೀಗ ಹಾಕಿದ್ದರೆ ಗೊತ್ತಾಗುವುದು ಇಲ್ಲೇ.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ಬೆಲ್ಟ್ ಬಿಗಿಯಾಗಿ ಎಳೆದು ನಿಂತಿರುತ್ತದೆ. ಸಿಕ್ಕಿಕೊಂಡ ತುಂಡು ಬಿಟ್ಟ ಕೂಡಲೇ, ಕರೆಂಟ್ ಇಲ್ಲದಿದ್ದರೂ ಬೆಲ್ಟ್ ಒಂದು ಗೇಣು ಜಿಗಿಯಬಹುದು. ಬೆರಳು ಹೋಗಲು ಒಂದು ಗೇಣು ಸಾಕು. ಆದ್ದರಿಂದ ಮೊದಲು ಬೆಲ್ಟ್ ಸಡಿಲ ಮಾಡಿ. ಆಗದಿದ್ದರೆ ಬೆಲ್ಟನ್ನು ಕ್ಲ್ಯಾಂಪ್ ಮಾಡಿ, ತುಂಡನ್ನು ಉದ್ದ ಕಬ್ಬಿಣದ ಕೊಕ್ಕೆಯಿಂದ ಎಳೆಯಿರಿ. ಸ್ಪ್ರಿಂಗ್, ನೇತಾಡುವ ತೂಕ, ಬಿಸಿ, ಉಗಿ, ತಿರುಗುತ್ತಲೇ ಇರುವ ಫ್ಲೈವೀಲ್, ಎಲ್ಲದರಲ್ಲೂ ಶಕ್ತಿ ಅಡಗಿ ಕೂತಿರುತ್ತದೆ. ಮೋಟಾರ್ ಡ್ರೈವ್ (ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಒಳಗಿನ ಕೆಪಾಸಿಟರ್‌ಗಳಲ್ಲಿ ಸಪ್ಲೈ ತೆಗೆದ ಮೇಲೂ ಕರೆಂಟ್ ಉಳಿಯುತ್ತದೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೇ ಬರೆದಿರುತ್ತಾರೆ, ಅಷ್ಟು ಕಾಯಲೇಬೇಕು. ವೈರಿಂಗ್ ಮುಟ್ಟುವವರು ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಇಟ್ಟು ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಇಟ್ಟು ನೋಡಿ, ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡಿ. ಮಧ್ಯದಲ್ಲಿ ಟೆಸ್ಟರೇ ಕೆಟ್ಟಿದ್ದರೆ ಬೇರೆ ಹೇಗೆ ತಿಳಿಯಬೇಕು?

ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ನಾಲ್ಕು ಬೀಗ. ಒಬ್ಬರ ಬೀಗದ ನಂಬಿಕೆ ಮೇಲೆ ಇನ್ನೊಬ್ಬರು ಒಳಗೆ ಕೈ ಹಾಕಬಾರದು. ಒಂದೇ ಹ್ಯಾಂಡಲ್‌ಗೆ ಹಲವು ಬೀಗ ಹಾಕಲು ಹ್ಯಾಸ್ಪ್ ಅನ್ನುವ ಹಲವು ತೂತಿನ ಕೊಂಡಿ ಸಿಗುತ್ತದೆ. ಶಿಫ್ಟ್ ಬದಲಾಗುವಾಗ ಬರುವವರು ತಮ್ಮ ಬೀಗ ಹಾಕಿದ ಮೇಲೆಯೇ ಹೋಗುವವರು ತಮ್ಮದು ತೆಗೆಯಬೇಕು. ಪ್ರೊಡಕ್ಷನ್ ಕಡೆಯಿಂದ 'ಬೇಗ ಬೇಗ' ಅನ್ನುವ ಫೋನ್ ಬಂದೇ ಬರುತ್ತದೆ. ಬೀಗ ಹಾಕಲು ಹಿಡಿಯುವ ಸಮಯವನ್ನು ಕೆಲಸದ ಸಮಯದಲ್ಲೇ ಸೇರಿಸಿ ಹೇಳಿ. 'ಇಪ್ಪತ್ತು ನಿಮಿಷ ಬೇಕು' ಅಂತ ಮೊದಲೇ ಹೇಳಿದರೆ ಐದನೇ ನಿಮಿಷಕ್ಕೆ ಯಾರೂ ತಲೆ ಮೇಲೆ ಬಂದು ನಿಲ್ಲುವುದಿಲ್ಲ.

ತಿರುಗುವ ಮೆಷಿನ್ ಮುಂದೆ ಗ್ಲೌಸ್ ಬೇಡ

ಕೈಗೆ ಗ್ಲೌಸ್ ಹಾಕಿದರೆ ಒಳ್ಳೆಯದೇ ಅಲ್ವಾ ಅಂತ ಹೊಸಬರು ಕೇಳುತ್ತಾರೆ. ಶೀಟ್ ಎತ್ತುವಾಗ ಒಳ್ಳೆಯದು. ಡ್ರಿಲ್ ಮೆಷಿನ್, ಲೇಥ್ ಮುಂದೆ ಅದೇ ಗ್ಲೌಸ್ ಕೈಯನ್ನು ಒಳಗೆ ಎಳೆದುಕೊಳ್ಳುತ್ತದೆ.

ನಾನು ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಪಿಲ್ಲರ್ ಡ್ರಿಲ್‌ನಲ್ಲಿ ತೂತು ಹಾಕುತ್ತಿದ್ದ ಒಬ್ಬ ಹುಡುಗ ಹೆಣೆದ ಕಾಟನ್ ಗ್ಲೌಸ್ ಹಾಕಿಕೊಂಡಿದ್ದ. ತೂತಿನಿಂದ ಚಿಪ್ಸ್, ಅಂದರೆ ಕೊರೆದ ಲೋಹದ ಎಳೆ, ಉದ್ದಕ್ಕೆ ಸುರುಳಿ ಸುತ್ತಿಕೊಂಡು ಮೇಲೆ ಬರುತ್ತಿತ್ತು. ಮೆಷಿನ್ ನಿಲ್ಲಿಸದೆ ಅದನ್ನು ಪಕ್ಕಕ್ಕೆ ಸರಿಸಲು ಬೆರಳು ಹತ್ತಿರ ತಂದ. ಗ್ಲೌಸಿನ ಒಂದು ಎಳೆ ಸುರುಳಿಗೆ ಸಿಕ್ಕಿತು. ಮುಂದಿನದು ಕಣ್ಣಿಗೆ ಕಾಣಲಿಲ್ಲ, ಅಷ್ಟು ಬೇಗ ಆಯಿತು. ಲೆಕ್ಕ ಹಾಕಿ ನೋಡಿ. ಡ್ರಿಲ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 10 ಸುತ್ತು. ನಿಮಗೆ ಗೊತ್ತಾಗಿ ಕೈ ಹಿಂದಕ್ಕೆ ಎಳೆಯಲು ಕಾಲು ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಎರಡೂವರೆ ಸುತ್ತು ಆಗಿಹೋಗಿರುತ್ತದೆ. 'ನಾನು ಹುಷಾರಾಗಿರ್ತೀನಿ' ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ನಮ್ಮ ಕೈಗೆ ಆ ವೇಗವೇ ಇಲ್ಲ.

ಅದಕ್ಕೆ ಹೀಗೆ ಮಾಡಿ. ತಿರುಗುವ ಮೆಷಿನ್ ಹತ್ತಿರ ಹೋಗುವ ಮುಂಚೆ ಗ್ಲೌಸ್, ಉಂಗುರ, ವಾಚ್, ಕುತ್ತಿಗೆಯ ಐಡಿ ಕಾರ್ಡ್ ದಾರ ತೆಗೆದಿಡಿ. ತೋಳು ಬಿಗಿಯಾಗಿರಲಿ, ಉದ್ದ ಕೂದಲು ಟೋಪಿಯೊಳಗೆ ಇರಲಿ. ಚಿಪ್ಸ್ ತೆಗೆಯಲು ಬ್ರಶ್ ಅಥವಾ ಕೊಕ್ಕೆ ಬಳಸಿ, ಅದೂ ಮೆಷಿನ್ ನಿಂತ ಮೇಲೆ. ಜಾಬನ್ನು (ಕೆಲಸ ಮಾಡುವ ಲೋಹದ ತುಂಡನ್ನು) ವೈಸ್‌ನಲ್ಲಿ ಹಿಡಿಯಿರಿ. ತೆಳು ಶೀಟನ್ನು ಕೈಯಲ್ಲಿ ಹಿಡಿದು ತೂತು ಹಾಕಿದರೆ ಡ್ರಿಲ್ ಆಚೆ ಬದಿಗೆ ಬೀಳುವ ಕ್ಷಣಕ್ಕೆ ಶೀಟು ಕಚ್ಚಿಕೊಂಡು ಡ್ರಿಲ್ ಜೊತೆ ತಿರುಗುತ್ತದೆ, ಅದರ ಅಂಚು ಕತ್ತಿಗಿಂತ ಕಮ್ಮಿ ಇಲ್ಲ. ಲೇಥ್‌ನಲ್ಲಿ ತಿರುಗುವ ಶಾಫ್ಟ್‌ಗೆ ಎಮರಿ ಪೇಪರನ್ನು ಬೆರಳಿಗೆ ಸುತ್ತಿ ಹಿಡಿಯುವುದು ಇನ್ನೂ ನಡೆಯುತ್ತಿದೆ. ದಯವಿಟ್ಟು ನಿಲ್ಲಿಸಿ. ಎಮರಿಯನ್ನು ಮರದ ಪಟ್ಟಿಗೆ ಅಂಟಿಸಿ ಅದನ್ನು ಹಿಡಿಯಿರಿ. ಚಕ್ ಕೀ (ಡ್ರಿಲ್ ಅಥವಾ ಜಾಬ್ ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಕೀ) ವಿಷಯದಲ್ಲಿ ಒಂದೇ ನಿಯಮ: ಕೀ ಚಕ್‌ನಲ್ಲಿ ಇರುವಷ್ಟು ಹೊತ್ತು ನಿಮ್ಮ ಕೈ ಅದರ ಮೇಲೆ ಇರಬೇಕು. ಕೈ ಬಿಟ್ಟರೆ ತಾನಾಗಿಯೇ ಹೊರಗೆ ಬೀಳುವ ಸ್ಪ್ರಿಂಗ್ ಇರುವ ಕೀ ಸಿಗುತ್ತದೆ, ಕೇಳಿ ತರಿಸಿಕೊಳ್ಳಿ.

ಗಾರ್ಡ್ (ತಿರುಗುವ ಭಾಗಕ್ಕೆ ಕೈ ತಾಗದಂತೆ ಹಾಕುವ ಮುಚ್ಚಳ) ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗಾರ್ಡ್ ಬಿಚ್ಚಿಟ್ಟಿದ್ದನ್ನು ನೋಡಿದ ತಕ್ಷಣ ಆಪರೇಟರನ್ನು ಬೈಯುತ್ತಾರೆ. ಯಾಕೆ ಬಿಚ್ಚಿದ ಅಂತ ಯಾರೂ ಕೇಳುವುದಿಲ್ಲ. ಬಹಳ ಸಲ ಕಾರಣ ಸರಳ: ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಗಾರ್ಡ್ ಒಳಗೆ ಇದೆ, ದಿನಾ ಆರು ಬೋಲ್ಟ್ ಬಿಚ್ಚಿ ಹಾಕಲು ಯಾರಿಗೆ ಆಗುತ್ತದೆ? ಒಂದು ಸಣ್ಣ ಪೈಪ್ ಎಳೆದು ನಿಪ್ಪಲನ್ನು ಗಾರ್ಡ್ ಹೊರಗೆ ತನ್ನಿ. ಬೆಲ್ಟ್ ಕಾಣುವುದಿಲ್ಲ ಅಂತ ಬಿಚ್ಚಿದ್ದರೆ ತಗಡಿನ ಬದಲು ಜಾಲರಿ ಹಾಕಿ, ಬೆರಳು ತೂರದಷ್ಟು ಸಣ್ಣ ಕಣ್ಣಿನದು. ಪದೇ ಪದೇ ತೆರೆಯಬೇಕಾದ ಕಡೆ ಹಿಂಜ್ ಹಾಕಿ, ತೆರೆದರೆ ಮೆಷಿನ್ ನಿಲ್ಲುವ ಸ್ವಿಚ್ ಕೂಡಿಸಿ. ಕೆಲಸಕ್ಕೆ ಅಡ್ಡ ಬರದ ಗಾರ್ಡನ್ನು ಯಾರೂ ಬಿಚ್ಚುವುದಿಲ್ಲ.

ಗ್ರೈಂಡರ್

ವರ್ಕ್‌ಶಾಪ್‌ನಲ್ಲಿ ಎಲ್ಲರೂ ಮುಟ್ಟುವ, ಯಾರೂ ಸರಿಯಾಗಿ ಕಲಿಯದ ಮೆಷಿನ್ ಇದು. ಬೆಂಚ್ ಗ್ರೈಂಡರ್‌ನಲ್ಲಿ ಎರಡು ಗ್ಯಾಪ್ ನೋಡಿ. ಟೂಲ್ ರೆಸ್ಟ್ (ಜಾಬ್ ಆನಿಸುವ ಪಟ್ಟಿ) ಮತ್ತು ವೀಲ್ (ಉಜ್ಜುವ ಕಲ್ಲು) ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಇರಬಾರದು. ಮೇಲಿನ ಗಾರ್ಡ್ ನಾಲಿಗೆ ಮತ್ತು ವೀಲ್ ನಡುವೆ 6 ಮಿಲಿಮೀಟರಿಗಿಂತ ಹೆಚ್ಚು ಇರಬಾರದು. ವೀಲ್ ಸವೆದಂತೆ ಈ ಗ್ಯಾಪ್ ದೊಡ್ಡದಾಗುತ್ತದೆ. ಆಗ ಜಾಬ್ ಸಂದಿಗೆ ಜಾರಿ ಸಿಕ್ಕಿಕೊಳ್ಳುತ್ತದೆ, ವೀಲ್ ಒಡೆಯುತ್ತದೆ, ಜೊತೆಗೆ ಬೆರಳೂ ಹೋಗುತ್ತದೆ. ಅಡ್ಜಸ್ಟ್ ಮಾಡುವುದು ವೀಲ್ ಪೂರ್ತಿ ನಿಂತ ಮೇಲೆ.

ಹೊಸ ವೀಲ್ ಹಾಕುವ ಮುಂಚೆ ತೂತಿಗೆ ಬೆರಳು ತೂರಿಸಿ ಹಿಡಿದು, ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿ. 'ಟಿಣ್' ಅನ್ನಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕು ಇದೆ, ಪಕ್ಕಕ್ಕೆ ಇಡಿ. ವೀಲ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮೆಷಿನ್ನಿನ ಆರ್‌ಪಿಎಂಗಿಂತ ಕಮ್ಮಿ ಇರಲೇಬಾರದು. ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಂತು ಒಂದು ನಿಮಿಷ ಖಾಲಿ ಓಡಿಸಿ. ಒಡೆಯುವ ವೀಲ್ ಸಾಮಾನ್ಯವಾಗಿ ಆ ಮೊದಲ ನಿಮಿಷದಲ್ಲೇ ಒಡೆಯುತ್ತದೆ.

ಆಂಗಲ್ ಗ್ರೈಂಡರ್‌ನಲ್ಲಿ ನಾನು ಮತ್ತೆ ಮತ್ತೆ ನೋಡುವ ಕೆಟ್ಟ ಅಭ್ಯಾಸ ಒಂದಿದೆ. ಗಾರ್ಡ್ ಬಿಚ್ಚಿ, ನಾಲ್ಕಿಂಚಿನ ಮೆಷಿನ್ನಿಗೆ ಏಳಿಂಚಿನ ಡಿಸ್ಕ್ ಹಾಕುವುದು. ನಾಲ್ಕಿಂಚಿನ ಮೆಷಿನ್ ಸುಮಾರು 11,000 ಆರ್‌ಪಿಎಂನಲ್ಲಿ ತಿರುಗುತ್ತದೆ. ಏಳಿಂಚಿನ ಡಿಸ್ಕ್ ತಡೆಯುವುದು ಸುಮಾರು 8,500. ಅದು ಒಡೆದರೆ ಚೂರುಗಳು ಸೆಕೆಂಡಿಗೆ 80 ಮೀಟರಿಗಿಂತ ಹೆಚ್ಚು ವೇಗದಲ್ಲಿ ಬರುತ್ತವೆ. ತಡೆಯಬೇಕಾದ ಗಾರ್ಡ್ ಟೂಲ್ ಬಾಕ್ಸ್‌ನಲ್ಲಿ ಬಿದ್ದಿರುತ್ತದೆ. ಕಟಿಂಗ್ ಡಿಸ್ಕ್‌ನ ಬದಿಯಿಂದ ಗ್ರೈಂಡ್ ಮಾಡುವುದೂ ಅಷ್ಟೇ ಅಪಾಯ, ಬದಿಯ ಒತ್ತಡ ತಡೆಯಲು ಅದನ್ನು ಮಾಡಿಲ್ಲ. ಡಿಸ್ಕ್ ನಡುವಿನ ಲೋಹದ ಉಂಗುರದ ಮೇಲೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ. ತಾರೀಕು ದಾಟಿದ್ದರೆ ಮುರಿದು ಹಾಕಿ, ಇನ್ನೊಬ್ಬರು ಎತ್ತಿಕೊಳ್ಳದಂತೆ. ಸೈಡ್ ಹ್ಯಾಂಡಲ್ ಹಾಕಿ ಎರಡೂ ಕೈಯಲ್ಲಿ ಹಿಡಿಯಿರಿ. ಕತ್ತರಿಸುವ ಪೈಪ್ ಬಾಗಿ ಡಿಸ್ಕನ್ನು ಹಿಡಿದುಕೊಳ್ಳದಂತೆ ಆಸರೆ ಕೊಡಿ. ಹಿಡಿದುಕೊಂಡರೆ ಮೆಷಿನ್ ನಿಮ್ಮ ಕಡೆಗೇ ಚಿಮ್ಮುತ್ತದೆ. ಆದ್ದರಿಂದ ಡಿಸ್ಕಿನ ನೇರಕ್ಕೆ ಮುಖ, ಕುತ್ತಿಗೆ ಇರಬಾರದು.

ಗ್ರೈಂಡಿಂಗ್‌ನಲ್ಲಿ ಫೇಸ್ ಶೀಲ್ಡ್ ಒಂದೇ ಸಾಲದು, ಒಳಗೆ ಸೈಡ್ ಮುಚ್ಚಿದ ಕನ್ನಡಕವೂ ಬೇಕು. ಶೀಲ್ಡ್ ಕೆಳಗಿನಿಂದ ಕಿಡಿ ನುಗ್ಗುತ್ತದೆ. ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ. ಕರ್ಚೀಫಿನ ತುದಿಯಿಂದ ತೆಗೆದುಕೊಡುವ 'ಎಕ್ಸ್‌ಪರ್ಟ್' ಗೆಳೆಯರು ಎಲ್ಲ ಶಾಪ್‌ನಲ್ಲೂ ಇರುತ್ತಾರೆ, ಅವರ ಕೈಗೆ ಕಣ್ಣು ಕೊಡಬೇಡಿ. ಕಬ್ಬಿಣದ ಚೂರು ಕಣ್ಣಲ್ಲಿ ಉಳಿದರೆ ಅಲ್ಲೇ ತುಕ್ಕು ಹಿಡಿದು ಸುತ್ತಲೂ ಉಂಗುರ ಕಟ್ಟುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಅವತ್ತೇ ಹೋಗಿ. ವೆಲ್ಡಿಂಗ್ ಬೆಳಕಿನ ಪೆಟ್ಟು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು, ಮನೆಗೆ ಹೋಗಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ವೆಲ್ಡರ್‌ಗೆ ಹೆಲ್ಮೆಟ್ ಇರುತ್ತದೆ, ಪಕ್ಕದಲ್ಲಿ ಜಾಬ್ ಹಿಡಿದ ಹೆಲ್ಪರ್‌ಗೆ ಇರುವುದಿಲ್ಲ. ಅವರಿಗೂ ಕೊಡಿ, ಸುತ್ತ ಪರದೆ ಹಾಕಿ.

ಸೂಜಿ ಚುಚ್ಚಿದಷ್ಟೇ ಕಾಣುವ ಗಾಯ

ಇದು ಸಾಮಾನ್ಯ ಗಾಯ ಅಲ್ಲ. ಆದರೂ ಹೇಳದೆ ಬಿಡಲಾರೆ, ಯಾಕೆಂದರೆ ಗೊತ್ತಿಲ್ಲದೆ ಕೈ ಕಳೆದುಕೊಳ್ಳುವ ಗಾಯ ಇದು. ಹೈಡ್ರಾಲಿಕ್ ಹೋಸ್‌ನಲ್ಲಿ ಕಣ್ಣಿಗೆ ಕಾಣದ ತೂತಾದರೆ ಎಣ್ಣೆ ನೂರಾರು ಬಾರ್ ಒತ್ತಡದಲ್ಲಿ ಹೊರಗೆ ಬರುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಹೋಸ್ ಮೇಲೆ ಕೈಯಾಡಿಸಿದರೆ ಗ್ಲೌಸನ್ನೂ ಚರ್ಮವನ್ನೂ ದಾಟಿ ಎಣ್ಣೆ ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಅಷ್ಟೇ. ರಕ್ತ ಬರುವುದಿಲ್ಲ ಅನ್ನುವಷ್ಟು ಕಡಿಮೆ. ಮೊದಲು ನೋವೂ ಜಾಸ್ತಿ ಇರುವುದಿಲ್ಲ. ಬ್ಯಾಂಡೇಜ್ ಸುತ್ತಿ ಕೆಲಸ ಮುಂದುವರಿಸುತ್ತಾರೆ. ಒಳಗೆ ಎಣ್ಣೆ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ. ಗಂಟೆಗಳೊಳಗೆ ಆಪರೇಷನ್ ಆಗದಿದ್ದರೆ ಬೆರಳು ತೆಗೆಯಬೇಕಾಗಬಹುದು. ಹಾಗಾಗಿ ಚುಕ್ಕೆ ಎಷ್ಟೇ ಸಣ್ಣದಿದ್ದರೂ ನೇರ ಆಸ್ಪತ್ರೆಗೆ ಹೋಗಿ, 'ಹೈ ಪ್ರೆಶರ್ ಎಣ್ಣೆ ಚರ್ಮದೊಳಗೆ ಹೋಗಿದೆ' ಅಂತ ಇದೇ ಮಾತಲ್ಲಿ ಹೇಳಿ, ಎಣ್ಣೆಯ ಹೆಸರೂ ಹೇಳಿ. ಲೀಕ್ ಹುಡುಕಲು ಉದ್ದ ಕೋಲಿನ ತುದಿಗೆ ರಟ್ಟು ಕಟ್ಟಿ ದೂರದಿಂದ ಹಿಡಿಯಿರಿ. ರಟ್ಟು ಒದ್ದೆಯಾದ ಕಡೆ ಲೀಕ್ ಇದೆ. ರಿಪೇರಿಗೆ ಮುಂಚೆ ಪಂಪ್ ನಿಲ್ಲಿಸಿ ಪ್ರೆಶರ್ ಇಳಿಸಿ.

ಏರ್ ಗನ್ನಿನಿಂದ ಬಟ್ಟೆ ಧೂಳು ಹೊಡೆಯುವುದನ್ನೂ ಬಿಡಿ. ಲೈನ್‌ನಲ್ಲಿ ಸಾಮಾನ್ಯವಾಗಿ 6–7 ಬಾರ್ ಗಾಳಿ ಇರುತ್ತದೆ. ಸಣ್ಣ ಗಾಯದ ಬಾಯಿಂದಲೂ ಅದು ಚರ್ಮದೊಳಗೆ ನುಗ್ಗಬಹುದು, ಕಿವಿಯ ತಮಟೆ ಹರಿಯಬಹುದು. ತಮಾಷೆಗೂ ಒಬ್ಬರ ಕಡೆ ಹಿಡಿಯಬಾರದು. ಈ ತಮಾಷೆಯಿಂದ ಜೀವ ಹೋಗಿದ್ದಿದೆ.

ಬೆನ್ನು, ನೆಲ, ತೂಕ

'ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿ' ಅಂತ ಪೋಸ್ಟರ್ ಎಲ್ಲ ಕಡೆ ಇದೆ. ಅದಕ್ಕಿಂತ ಮುಖ್ಯವಾದದ್ದು ತೂಕ ಮೈಯಿಂದ ಎಷ್ಟು ದೂರ ಇದೆ ಅನ್ನುವುದು. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಷ್ (NIOSH) ಸಂಸ್ಥೆಯ ಲೆಕ್ಕದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ತೂಕ ಮೈಗೆ ಹತ್ತಿರ, ಸೊಂಟದ ಆಸುಪಾಸಿನ ಎತ್ತರ, ಮೈ ತಿರುಚದೆ, ಒಮ್ಮೊಮ್ಮೆ ಮಾತ್ರ ಎತ್ತುವಾಗ, ಮಿತಿ 23 ಕಿಲೋ. ತೂಕ 25 ಸೆಂಟಿಮೀಟರಿನಿಂದ 50 ಸೆಂಟಿಮೀಟರ್ ದೂರಕ್ಕೆ ಹೋದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, ಹನ್ನೊಂದೂವರೆ ಕಿಲೋ. ಮೈ ತಿರುಚಿದರೆ, ಪದೇ ಪದೇ ಎತ್ತಿದರೆ ಇನ್ನೂ ಕಮ್ಮಿ. ಹಾಗಾಗಿ ಜನರಿಗೆ ಎತ್ತುವುದನ್ನು ಕಲಿಸುವ ಮುಂಚೆ ಸಾಮಾನು ಇಡುವ ಜಾಗ ಬದಲಿಸಿ. ಭಾರದ ಡೈ, ಮೋಟಾರ್, ಪೆಟ್ಟಿಗೆ ಇವೆಲ್ಲ ಮಂಡಿಯಿಂದ ಎದೆಯ ಎತ್ತರದ ರ‍್ಯಾಕ್‌ನಲ್ಲಿ ಇರಲಿ. ಹಗುರದ್ದು ಮೇಲೆ, ಕೆಳಗೆ. ಆಳದ ಬಿನ್ ತಳದಿಂದ ಬಗ್ಗಿ ಎತ್ತಬೇಕಾದರೆ ಬಿನ್ನಿನ ಒಂದು ಬದಿ ಕೆಳಗೆ ಬೀಳಿಸುವಂತೆ ಮಾಡಿಸಿ.

ನೆಲದ ಮೇಲಿನ ಎಣ್ಣೆ ಒರೆಸುವುದು ಇದ್ದೇ ಇದೆ. ಒರೆಸಿದ ಮೇಲೆ ಎಲ್ಲಿಂದ ಬಂತು ಅಂತಲೂ ನೋಡಿ, ಸೀಲ್ ಬದಲಿಸದಿದ್ದರೆ ನಾಳೆ ಮತ್ತೆ ಅಲ್ಲೇ ಒಬ್ಬರು ಜಾರುತ್ತಾರೆ. ಏಣಿಯ ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ಆಚೆ ಇರಬೇಕು. ಹತ್ತಿ ಇಳಿಯುವ ಜಾಗದ ಮಟ್ಟಕ್ಕಿಂತ ಏಣಿಯ ತುದಿ ಒಂದು ಮೀಟರ್ ಮೇಲೆ ಬರಲಿ. ಸಿಮೆಂಟ್ ಶೀಟಿನ ಚಾವಣಿ ಮೇಲೆ ನೇರ ಕಾಲಿಡಬೇಡಿ, ಹಲಗೆ ಹಾಕಿ, ಹಾರ್ನೆಸ್ ಕಟ್ಟಿ.

ಕ್ರೇನ್‌ನಲ್ಲಿ ಎರಡು ಕಾಲಿನ ಸ್ಲಿಂಗ್ (ತೂಕ ನೇತುಹಾಕುವ ಹಗ್ಗ ಅಥವಾ ಸರಪಳಿ) ಹಾಕುವಾಗ ಕೋನ ನೋಡಿ. ಸ್ಲಿಂಗ್ ನೆಲದ ಮಟ್ಟಕ್ಕೆ 30 ಡಿಗ್ರಿಯಷ್ಟು ಚಪ್ಪಟೆ ಆದರೆ ಒಂದೊಂದು ಕಾಲಿನ ಮೇಲೂ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ. ಒಂದು ಟನ್ ಎತ್ತಿದರೆ ಎರಡೂ ಕಾಲಿಗೆ ಒಂದೊಂದು ಟನ್. 'ಅರ್ಧರ್ಧ ಹಂಚಿಕೊಳ್ಳುತ್ತೆ' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉದ್ದದ ಸ್ಲಿಂಗ್ ಹಾಕಿ, ಕೋನ 60 ಡಿಗ್ರಿಗಿಂತ ಮೇಲೆ ಇಡಿ. ತೂಕವನ್ನು ಕೈಯಿಂದ ತಳ್ಳುವ ಬದಲು ಹಗ್ಗ ಕಟ್ಟಿ ಎಳೆಯಿರಿ.

ಸದ್ದಿನ ಬಗ್ಗೆ ಒಂದು ಸುಲಭ ಪರೀಕ್ಷೆ: ಒಂದು ಮೀಟರ್ ದೂರ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿದ್ದರೆ ಅಲ್ಲಿ ಸುಮಾರು 85 ಡೆಸಿಬಲ್ ದಾಟಿದೆ. ಇಯರ್‌ಪ್ಲಗ್ ಬೇಕು. ಅದನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಹಾಕಿ, ಅದು ಉಬ್ಬುವ ತನಕ ಬೆರಳಿನಿಂದ ಹಿಡಿದುಕೊಳ್ಳಿ.

ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆದಿಡಿ

ಸ್ಪ್ಯಾನರ್ ಮೇಲಿನಿಂದ ಬಿತ್ತು, ಯಾರಿಗೂ ತಾಗಲಿಲ್ಲ. 'ಸದ್ಯ, ಉಳಿದುಕೊಂಡ್ವಿ' ಅಂತ ಮರೆತುಬಿಡುತ್ತೇವೆ. ಅದೇ ಸ್ಪ್ಯಾನರ್ ಇನ್ನೊಂದು ದಿನ ತಾಗುತ್ತದೆ. ಹಾಗಾಗಿ ತಪ್ಪಿಹೋದದ್ದನ್ನೂ ಶಿಫ್ಟ್ ಬುಕ್‌ನಲ್ಲಿ ಬರೆಯಿರಿ: ಎಲ್ಲಿ, ಏನು, ಯಾಕೆ. ಸೂಪರ್‌ವೈಸರ್ ಆಗಿರುವವರಿಗೆ ನನ್ನ ಮನವಿ ಒಂದೇ. ಬರೆದವರನ್ನು ಬೈಯಬೇಡಿ. 'ಇಷ್ಟು ದಿನ ಅಪಘಾತ ಇಲ್ಲ' ಅನ್ನುವ ಬೋರ್ಡಿಗೆ ಬಹುಮಾನ ಕಟ್ಟಬೇಡಿ. ಬಹುಮಾನ ಹೋಗುತ್ತದೆ ಅಂತ ಜನ ಗಾಯ ಮುಚ್ಚಿಡುತ್ತಾರೆ, ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕಿಂತ ಬೇಜಾರಿನ ವಿಷಯ ಇಲ್ಲ.

ಹೊಸಬರ ಮೇಲೆ ಮೊದಲ ಕೆಲವು ವಾರ ಒಂದು ಕಣ್ಣಿರಲಿ. ಅವರು ಗೊತ್ತಿಲ್ಲ ಅಂತ ಕೇಳಲು ಹೆದರುತ್ತಾರೆ. 'ಅರ್ಥ ಆಯ್ತಾ' ಅಂದರೆ ಹೂಂ ಅನ್ನುತ್ತಾರೆ. ಅದರ ಬದಲು 'ನನಗೊಮ್ಮೆ ಮಾಡಿ ತೋರಿಸು' ಅನ್ನಿ.

ಆದರೂ ಗಾಯ ಆದರೆ

ಬೆರಳು ತುಂಡಾದರೆ ಮೊದಲು ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ಬೆರಳನ್ನು ನೇರ ಐಸ್ ಮೇಲೆ ಇಟ್ಟರೆ ಅದು ಹೆಪ್ಪುಗಟ್ಟಿ ಮತ್ತೆ ಜೋಡಿಸಲು ಬರುವುದಿಲ್ಲ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣನೆಯ ನಲ್ಲಿ ನೀರು ಬಿಡಿ. ಪೇಸ್ಟ್, ಎಣ್ಣೆ, ಐಸ್ ಯಾವುದೂ ಬೇಡ. ಕಣ್ಣಿಗೆ ಕೆಮಿಕಲ್ ಹಾರಿದರೆ ರೆಪ್ಪೆ ತೆರೆದು ಹಿಡಿದು ಕನಿಷ್ಠ 15 ನಿಮಿಷ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ. ಆ ಹೊತ್ತಿಗೆ ಅವರಿಗೆ ಏನೂ ಕಾಣುವುದಿಲ್ಲ, ಕೈ ಹಿಡಿದು ಐವಾಶ್ (ಕಣ್ಣು ತೊಳೆಯುವ ನಲ್ಲಿ) ತನಕ ಕರೆದುಕೊಂಡು ಹೋಗಲು ಒಬ್ಬರು ಬೇಕು. ಐವಾಶನ್ನು ವಾರಕ್ಕೊಮ್ಮೆ ತೆರೆದು, ತುಕ್ಕಿನ ನೀರು ಹೋಗಿ ತಿಳಿ ನೀರು ಬರುವ ತನಕ ಬಿಡಿ. ಅದರ ಮುಂದೆ ಪ್ಯಾಲೆಟ್ ಜೋಡಿಸಿಟ್ಟಿದ್ದರೆ ಇವತ್ತಿನ ಶಿಫ್ಟ್‌ನಲ್ಲೇ ತೆಗೆಸಿ.